ಉಪಗ್ರಹದ ಮುಖ ಯಾವ ದಿಕ್ಕಿಗೆ? ತಿರುಗಿಸುವುದಕ್ಕಿಂತ ತಿಳಿಯುವುದೇ ಕಷ್ಟ

ಭೂಮಿಯಿಂದ 500 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿರುವ ಉಪಗ್ರಹವೊಂದು ತನ್ನ ನೇರ ಕೆಳಗಿರುವ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಚಿತ್ರ ತೆಗೆಯಬೇಕಿದೆ ಎಂದುಕೊಳ್ಳೋಣ. ಉಪಗ್ರಹ ಇರಬೇಕಾದ ಜಾಗದಲ್ಲಿಯೇ ಇದೆ, ಕ್ಯಾಮೆರಾ ಸುಸ್ಥಿತಿಯಲ್ಲಿದೆ, ನಗರದ ಮೇಲೆ ಮೋಡವಿಲ್ಲ. ಆದರೆ ಅದರ ಮುಖ ಮಾತ್ರ ಒಂದು ಡಿಗ್ರಿಯಷ್ಟು ವಾಯವ್ಯಕ್ಕೆ ವಾಲಿದೆ. ಆಗ ಚಿತ್ರದ ನಡುವೆ ಕಾಣಿಸುವುದು ಮೆಜೆಸ್ಟಿಕ್ ಅಲ್ಲ, ಅಲ್ಲಿಂದ ಎಂಟೊಂಬತ್ತು ಕಿಲೋಮೀಟರ್ ದೂರದ ಪೀಣ್ಯ ಕೈಗಾರಿಕಾ ಪ್ರದೇಶ. ಈ ವಾಲಿಕೆಯನ್ನು 3,600ರಲ್ಲಿ ಒಂದು ಪಾಲಿಗೆ, ಅಂದರೆ ಒಂದು ಆರ್ಕ್ ಸೆಕೆಂಡಿಗೆ ಇಳಿಸಿದರೂ ನೆಲದ ಮೇಲೆ ಸುಮಾರು ಎರಡೂವರೆ ಮೀಟರಿನ ತಪ್ಪು ಉಳಿದೇ ಇರುತ್ತದೆ. 2019ರ ನವೆಂಬರ್ 27ರಂದು ಉಡಾವಣೆಯಾದ ಕಾರ್ಟೊಸ್ಯಾಟ್-3 ಉಪಗ್ರಹವು 509 ಕಿಲೋಮೀಟರ್ ಎತ್ತರದಿಂದ 25 ಸೆಂಟಿಮೀಟರಿನಷ್ಟು ಸೂಕ್ಷ್ಮ ವಿವರಗಳನ್ನು ಹಿಡಿಯುತ್ತದೆ; ಅಲ್ಲಿಂದ ನೋಡಿದಾಗ ಈ 25 ಸೆಂಟಿಮೀಟರ್ ಒಳಗೊಳ್ಳುವ ಕೋನ ಒಂದು ಆರ್ಕ್ ಸೆಕೆಂಡಿನ ಹತ್ತನೇ ಒಂದು ಪಾಲು ಮಾತ್ರ. ಚಿತ್ರ ತೆಗೆಯುವ ಆ ಕಿರುಗಳಿಗೆಯಲ್ಲಿ ಉಪಗ್ರಹ ಅದಕ್ಕಿಂತ ಹೆಚ್ಚು ಅಲುಗಾಡಿದರೆ ಅಷ್ಟು ಬೆಲೆಬಾಳುವ ದೂರದರ್ಶಕದ ಶ್ರಮವೆಲ್ಲ ಮಸುಕಾಗಿ ಹೋಗುತ್ತದೆ.

ಉಪಗ್ರಹದ ಬಗ್ಗೆ ನಾವು ಓದುವ ಸುದ್ದಿಗಳಲ್ಲಿ ಹೆಚ್ಚಿನವು ಅದು ಎಲ್ಲಿದೆ ಎಂಬುದನ್ನು ಕುರಿತವು: ಯಾವ ರಾಕೆಟ್ ಅದನ್ನು ಹೊತ್ತೊಯ್ದಿತು, ಎಷ್ಟು ಎತ್ತರಕ್ಕೆ ಸೇರಿಸಿತು, ಕಕ್ಷೆಯನ್ನು ಯಾವಾಗ ಏರಿಸಲಾಯಿತು. ಅದು ಯಾವ ಕಡೆಗೆ ಮುಖ ಮಾಡಿದೆ ಎಂಬ ಪ್ರಶ್ನೆ, ಅಂದರೆ ಅದರ ದಿಗ್ವಿನ್ಯಾಸ, ಸುದ್ದಿಯಾಗುವುದು ಏನಾದರೂ ಕೆಟ್ಟಾಗ ಮಾತ್ರ. ಆದರೆ ಸೌರಫಲಕಗಳು ಸೂರ್ಯನನ್ನು ನೋಡಬೇಕು, ಆಂಟೆನಾ ಭೂಮಿಯನ್ನು ನೋಡಬೇಕು, ಕ್ಯಾಮೆರಾ ತನ್ನ ಗುರಿಯನ್ನು ನೋಡಬೇಕು, ಶಾಖ ಹೊರಹಾಕುವ ಫಲಕ ತಣ್ಣನೆಯ ಶೂನ್ಯವನ್ನು ನೋಡಬೇಕು, ಕಕ್ಷೆ ಬದಲಿಸುವಾಗ ಎಂಜಿನ್ ಸರಿಯಾದ ದಿಕ್ಕಿಗೆ ಉರಿಯಬೇಕು. ಇವೆಲ್ಲವೂ ಏಕಕಾಲಕ್ಕೆ ನಡೆಯಬೇಕು, ವರ್ಷಗಟ್ಟಲೆ ನಡೆಯಬೇಕು. ಬೆಂಗಳೂರಿನಲ್ಲಿ ಇಂದು ಇಸ್ರೋದ ಯು. ಆರ್. ರಾವ್ ಉಪಗ್ರಹ ಕೇಂದ್ರದ ಜೊತೆಗೆ ಖಾಸಗಿ ಕಂಪನಿಗಳೂ ಉಪಗ್ರಹಗಳನ್ನು ಕಟ್ಟುತ್ತಿವೆ. ಇಲ್ಲಿನ ಪಿಕ್ಸೆಲ್ ಕಂಪನಿಯ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಕಕ್ಷೆ ಸೇರಿದವು. ಉಪಗ್ರಹದ ಸಂಖ್ಯೆ ಹೆಚ್ಚುತ್ತಾ ಅದರ ಗಾತ್ರ ಕುಗ್ಗುತ್ತಿರುವ ಈ ಹೊತ್ತಿನಲ್ಲಿ ದಿಗ್ವಿನ್ಯಾಸದ ಪ್ರಶ್ನೆಯನ್ನು ಬಿಡಿಸಿ ನೋಡುವುದು ಅಗತ್ಯ. ಈ ಕೆಲಸಕ್ಕೆ ಎರಡು ಭಾಗಗಳಿವೆ: ಮುಖ ಯಾವ ಕಡೆಗಿದೆ ಎಂದು ತಿಳಿಯುವುದು, ಬೇಕಾದ ಕಡೆಗೆ ಅದನ್ನು ತಿರುಗಿಸುವುದು. ತಿರುಗಿಸುವ ಯಂತ್ರಗಳೇ ಕಣ್ಣಿಗೆ ಹೆಚ್ಚು ಕಾಣುತ್ತವೆ, ಮಾತೂ ಅವುಗಳ ಬಗ್ಗೆಯೇ ಹೆಚ್ಚು. ಆದರೆ ಈ ಕ್ಷೇತ್ರದ ಸೋಲು-ಗೆಲುವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಉಪಗ್ರಹದ ಅಳಿವು-ಉಳಿವು ಹೆಚ್ಚಾಗಿ ನಿಂತಿರುವುದು ತಿಳಿಯುವ ಭಾಗದ ಮೇಲೆ ಎಂಬುದು ನನ್ನ ಅಭಿಪ್ರಾಯ.

ತಿಳಿಯುವುದೆಂದರೆ, ಮೊದಲು ಹೊರಗಿನ ಯಾವುದಾದರೂ ಗುರುತನ್ನು ನೋಡುವುದು. ಅತ್ಯಂತ ಸುಲಭದ ಗುರುತು ಸೂರ್ಯ. ಉಪಗ್ರಹದ ಬೇರೆ ಬೇರೆ ಮೈಗಳ ಮೇಲೆ ಸಣ್ಣ ಸೌರಕೋಶಗಳನ್ನು ಕೂರಿಸಿ, ಯಾವುದಕ್ಕೆ ಎಷ್ಟು ಬೆಳಕು ಬಿದ್ದಿದೆ ಎಂದು ಅಳೆದರೆ ಸೂರ್ಯನಿರುವ ದಿಕ್ಕು ಸ್ಥೂಲವಾಗಿ ಸಿಗುತ್ತದೆ. ಆದರೆ ಸೂರ್ಯನೊಂದೇ ಸಾಲದು. ಸೂರ್ಯ ಯಾವ ಕಡೆಗಿದ್ದಾನೆ ಎಂದು ತಿಳಿದ ಮೇಲೂ ಉಪಗ್ರಹವು ಸೂರ್ಯನ ಕಡೆಗಿನ ಗೆರೆಯನ್ನೇ ಅಚ್ಚಾಗಿಟ್ಟುಕೊಂಡು ಎಷ್ಟು ತಿರುಗಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಬೇರೆ ದಿಕ್ಕಿನಲ್ಲಿರುವ ಇನ್ನೊಂದು ಗುರುತು ಬೇಕು. ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ಮ್ಯಾಗ್ನೆಟೋಮೀಟರ್, ಭೂಮಿಯ ಬಿಸಿ ಅಂಚನ್ನು ಅವಕೆಂಪು ಬೆಳಕಿನಲ್ಲಿ ಗುರುತಿಸುವ ಭೂ ಸಂವೇದಕ ಇವೆರಡೂ ಆ ಎರಡನೆಯ ಗುರುತನ್ನು ಕೊಡುತ್ತವೆ. ಎರಡು ದಿಕ್ಕುಗಳಿಂದ ಪೂರ್ಣ ದಿಗ್ವಿನ್ಯಾಸವನ್ನು ಲೆಕ್ಕಹಾಕುವ ಸರಳ ವಿಧಾನ 1964ರಲ್ಲೇ ಬಂದಿತು. ಹಲವು ಗುರುತುಗಳು ಒಂದಿಷ್ಟು ತಪ್ಪಿನೊಂದಿಗೆ ಸಿಕ್ಕಾಗ ಎಲ್ಲಕ್ಕೂ ಅತಿ ಹೆಚ್ಚು ಹೊಂದುವ ಉತ್ತರ ಯಾವುದು ಎಂಬ ಪ್ರಶ್ನೆಯನ್ನು ಗಣಿತಜ್ಞೆ ಗ್ರೇಸ್ ವಾಬಾ 1965ರಲ್ಲಿ ಮುಂದಿಟ್ಟರು. ಇಂದಿಗೂ ಉಪಗ್ರಹಗಳೊಳಗಿನ ಕಂಪ್ಯೂಟರುಗಳು ಆ ಪ್ರಶ್ನೆಯನ್ನು ನಾನಾ ವಿಧದಲ್ಲಿ ಬಿಡಿಸುತ್ತಲೇ ಇವೆ.

ಕಾಂತಕ್ಷೇತ್ರದಿಂದಲೂ ಭೂಮಿಯ ಅಂಚಿನಿಂದಲೂ ಸಿಗುವ ನಿಖರತೆ ದೂರಸಂವೇದಿ ಉಪಗ್ರಹಕ್ಕೆ ಸಾಕಾಗುವುದಿಲ್ಲ. ಅಲ್ಲಿ ಬೇಕಾಗುವುದು ನಕ್ಷತ್ರ ಸಂವೇದಕ. ಇದೊಂದು ಸಣ್ಣ ಕ್ಯಾಮೆರಾ. ಸೆಕೆಂಡಿಗೆ ಕೆಲವು ಬಾರಿ ಆಕಾಶದ ಚಿತ್ರ ತೆಗೆಯುತ್ತದೆ, ಅದರಲ್ಲಿ ಹೊಳೆಯುವ ಚುಕ್ಕೆಗಳನ್ನು ಆರಿಸುತ್ತದೆ, ಚುಕ್ಕೆಗಳ ನಡುವಿನ ಕೋನಗಳನ್ನು ತನ್ನ ನೆನಪಿನಲ್ಲಿರುವ ನಕ್ಷತ್ರಪಟ್ಟಿಯ ಕೋನಗಳೊಂದಿಗೆ ಹೋಲಿಸುತ್ತದೆ. ಹೊಂದಾಣಿಕೆ ಸಿಕ್ಕೊಡನೆ ತನ್ನ ಕಣ್ಣು ಆಕಾಶದ ಯಾವ ಭಾಗವನ್ನು ನೋಡುತ್ತಿದೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಹಿಂದಿನ ಯಾವ ಸುಳಿವೂ ಇಲ್ಲದೆ, ಕಣ್ಣು ಬಿಟ್ಟ ಕೂಡಲೇ ತಾನೆಲ್ಲಿ ನೋಡುತ್ತಿದ್ದೇನೆಂದು ಹೇಳಬಲ್ಲ ಈ ಶಕ್ತಿಯೇ ಅದರ ದೊಡ್ಡ ಗುಣ. ಇಲ್ಲಿ ಒಂದು ಜಾಣ್ಮೆಯಿದೆ: ಮಸೂರವನ್ನು ಬೇಕೆಂದೇ ಸ್ವಲ್ಪ ಮಸುಕಾಗಿ ಹೊಂದಿಸಿರುತ್ತಾರೆ. ನಕ್ಷತ್ರದ ಬೆಳಕು ಒಂದೇ ಚಿತ್ರಬಿಂದುವಿನ ಮೇಲೆ ಬಿದ್ದರೆ ಅದು ಆ ಬಿಂದುವಿನೊಳಗೆ ಎಲ್ಲಿ ಬಿತ್ತು ಎಂದು ಹೇಳಲಾಗುವುದಿಲ್ಲ. ಹಲವು ಬಿಂದುಗಳ ಮೇಲೆ ಹರಡಿದರೆ ಆ ಹರಡಿಕೆಯ ನಡುವನ್ನು ಲೆಕ್ಕಹಾಕಿ ಬಿಂದುವಿಗಿಂತಲೂ ಸೂಕ್ಷ್ಮವಾಗಿ ನಕ್ಷತ್ರದ ಸ್ಥಾನ ತಿಳಿಯಬಹುದು. ಹೀಗೆ ಕೆಲವೇ ಆರ್ಕ್ ಸೆಕೆಂಡುಗಳ ನಿಖರತೆ ದಕ್ಕುತ್ತದೆ. ಆದರೆ ಅದು ಎಲ್ಲ ಅಕ್ಷಗಳಲ್ಲೂ ಒಂದೇ ಸಮನಲ್ಲ. ಸಂವೇದಕವು ತನ್ನ ನೋಟದ ಗೆರೆಯನ್ನೇ ಅಚ್ಚಾಗಿಟ್ಟುಕೊಂಡು ತಿರುಗಿದರೆ ಆ ತಿರುಗುವಿಕೆಯನ್ನು ಅಷ್ಟು ಚೆನ್ನಾಗಿ ಗುರುತಿಸಲಾರದು. ಆದ್ದರಿಂದಲೇ ಬೇರೆ ಬೇರೆ ದಿಕ್ಕಿಗೆ ನೋಡುವ ಎರಡು ಅಥವಾ ಮೂರು ಸಂವೇದಕಗಳನ್ನು ಕೂರಿಸುತ್ತಾರೆ. ಒಂದರ ಕಣ್ಣಿಗೆ ಸೂರ್ಯನೋ ಭೂಮಿಯೋ ಅಡ್ಡಬಂದು ಅದು ಕುರುಡಾದಾಗ ಇನ್ನೊಂದು ಕೆಲಸ ಮಾಡಲಿ ಎಂಬುದೂ ಅದಕ್ಕೆ ಕಾರಣ.

ಇಂತಹ ಕಣ್ಣುಗಳನ್ನು ಇಸ್ರೋಗೆ ಮಾಡಿಕೊಡುವುದು ಪೀಣ್ಯದಲ್ಲಿರುವ ವಿದ್ಯುತ್-ದೃಗ್ವಿಜ್ಞಾನ ಪ್ರಯೋಗಾಲಯ, ಅಂದರೆ ಲಿಯೋಸ್. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದೂ ಅದೇ ಜಾಗದಲ್ಲಿ. 360 ಕಿಲೋಗ್ರಾಂ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಅದು ತನ್ನ ಸುತ್ತ ತಾನೇ ತಿರುಗುತ್ತಾ ತನ್ನ ಅಕ್ಷದ ದಿಕ್ಕನ್ನು ಸ್ಥಿರವಾಗಿ ಇಟ್ಟುಕೊಳ್ಳುವ ಬಗೆಯ ಉಪಗ್ರಹವಾಗಿತ್ತು. ಆ ಕಾಲಕ್ಕೆ ಇದೇ ಸುಲಭದ ದಾರಿ. ಆದರೆ ಅದಕ್ಕೂ ತನ್ನದೇ ಆದ ಅಪಾಯವಿದೆ. 1958ರಲ್ಲಿ ಹಾರಿದ ಅಮೆರಿಕದ ಎಕ್ಸ್‌ಪ್ಲೋರರ್-1 ತನ್ನ ಉದ್ದನೆಯ ಅಕ್ಷದ ಸುತ್ತ ತಿರುಗಬೇಕಿತ್ತು. ಅದರ ಬಳುಕುವ ಆಂಟೆನಾಗಳು ಅಲುಗಿ ಅಲುಗಿ ಶಕ್ತಿಯನ್ನು ಶಾಖವಾಗಿ ಕಳೆದುಕೊಂಡವು, ನೌಕೆ ಕಡಿಮೆ ಶಕ್ತಿಯ ಸ್ಥಿತಿಯನ್ನು ಅರಸುತ್ತಾ ತನ್ನ ಅಡ್ಡ ಅಕ್ಷದ ಸುತ್ತ ಪಲ್ಟಿ ಹೊಡೆಯತೊಡಗಿತು. ಗಟ್ಟಿಯಾದ ವಸ್ತುವಿಗೆ ಬರೆದ ಸಮೀಕರಣಗಳು ಬಳುಕುವ ವಸ್ತುವಿಗೆ ಹೊಂದುವುದಿಲ್ಲ ಎಂಬ ತಿಳಿವಳಿಕೆ ಬಂದದ್ದು ಆಗಲೇ.

ನಕ್ಷತ್ರ ಸಂವೇದಕ ಎಷ್ಟೇ ಚೆನ್ನಾಗಿದ್ದರೂ ಎರಡು ಚಿತ್ರಗಳ ನಡುವೆ ಏನಾಯಿತು ಎಂದು ಅದು ಹೇಳಲಾರದು; ಉಪಗ್ರಹ ವೇಗವಾಗಿ ತಿರುಗುತ್ತಿದ್ದರೆ ನಕ್ಷತ್ರಗಳು ಗೆರೆಗಳಾಗಿ ಕಂಡು ಅದರ ಲೆಕ್ಕ ತಪ್ಪುತ್ತದೆ. ಆ ತೆರಪನ್ನು ತುಂಬುವುದು ಗೈರೋ. ಗೈರೋ ಹೊರಗೆ ಏನನ್ನೂ ನೋಡುವುದಿಲ್ಲ. ತಿರುಗುವಿಕೆಯ ವೇಗವನ್ನು ಒಳಗಿನಿಂದಲೇ ಅಳೆಯುತ್ತದೆ. ಅದರ ದೋಷವೆಂದರೆ, ಉಪಗ್ರಹ ಸ್ಥಿರವಾಗಿ ನಿಂತಿದ್ದರೂ ಅದು ಸೊನ್ನೆಯನ್ನು ತೋರಿಸುವುದಿಲ್ಲ. ಗಂಟೆಗೆ ಒಂದು ಡಿಗ್ರಿಯಷ್ಟು ಸುಳ್ಳು ವೇಗವನ್ನು ತೋರಿಸುವ ಗೈರೋ ಒಂದನ್ನೇ ನಂಬಿ ಕುಳಿತರೆ, 95 ನಿಮಿಷಗಳ ಒಂದು ಸುತ್ತು ಮುಗಿಯುವಷ್ಟರಲ್ಲಿ ತಪ್ಪು ಒಂದೂವರೆ ಡಿಗ್ರಿ ದಾಟುತ್ತದೆ; ನೆಲದ ಮೇಲೆ ಅದು ಸುಮಾರು 14 ಕಿಲೋಮೀಟರ್. ಆದ್ದರಿಂದ ಗೈರೋವನ್ನು ನಕ್ಷತ್ರ ಸಂವೇದಕ ತಿದ್ದುತ್ತಿರಬೇಕು, ನಕ್ಷತ್ರ ಸಂವೇದಕ ಕಾಣದಿದ್ದಾಗ ಗೈರೋ ಕೈಹಿಡಿಯಬೇಕು. ಈ ಎರಡರ ಮಾತನ್ನೂ ಅವುಗಳ ನಂಬಿಕೆಯ ಮಟ್ಟಕ್ಕೆ ತಕ್ಕಂತೆ ತೂಗಿ ಒಂದು ಉತ್ತರ ಕೊಡುವ ಗಣಿತವೇ ಕಾಲ್ಮನ್ ಫಿಲ್ಟರ್. 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರಕಟಿಸಿದ ವಿಧಾನವಿದು. ಉಪಗ್ರಹದ ಮುಖ ಯಾವ ಕಡೆಗಿದೆ ಎಂಬುದರ ಜೊತೆಗೆ ಗೈರೋ ಈಗ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದನ್ನೂ ಅದು ಅಂದಾಜು ಮಾಡುತ್ತದೆ.

ಆ ಅಂದಾಜೇ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಹಿಟೋಮಿ ಉಪಗ್ರಹಕ್ಕಿಂತ ನೋವಿನ ಉದಾಹರಣೆ ಇಲ್ಲ. ಕ್ಷ-ಕಿರಣ ಖಗೋಳವಿಜ್ಞಾನಕ್ಕಾಗಿ 2016ರ ಫೆಬ್ರವರಿ 17ರಂದು ಹಾರಿದ ಆ ವೀಕ್ಷಣಾಲಯ ಮಾರ್ಚ್ 26ಕ್ಕೆ ಇಲ್ಲವಾಯಿತು. ಹೊಸ ಗುರಿಯತ್ತ ತಿರುಗಿ ನಿಂತ ಮೇಲೆ, ನಕ್ಷತ್ರ ಸಂವೇದಕದ ಮಾಹಿತಿ ನಡುವೆ ಕಡಿದುಹೋದಾಗ, ಗೈರೋದ ತಪ್ಪಿನ ಅಂದಾಜು ಗಂಟೆಗೆ 21.7 ಡಿಗ್ರಿ ಎಂಬ ದೊಡ್ಡ ಸಂಖ್ಯೆಯಲ್ಲಿ ಸಿಕ್ಕಿಕೊಂಡಿತು. ಹಿಟೋಮಿ ನಿಜವಾಗಿ ತಿರುಗುತ್ತಿರಲಿಲ್ಲ. ಆದರೆ ತಾನು ತಿರುಗುತ್ತಿದ್ದೇನೆ ಎಂದು ಅದರ ಕಂಪ್ಯೂಟರ್ ನಂಬಿತು. ಇಲ್ಲದ ತಿರುಗುವಿಕೆಯನ್ನು ನಿಲ್ಲಿಸಲು, ನೌಕೆಯ ಮೈಯನ್ನು ತಿರುಗಿಸಲೆಂದು ಒಳಗೆ ಕೂರಿಸಿದ್ದ ಚಕ್ರಗಳನ್ನು ಓಡಿಸಿತು, ಅದರಿಂದ ನೌಕೆ ನಿಜಕ್ಕೂ ತಿರುಗತೊಡಗಿತು. ಸೂರ್ಯನ ಕಡೆಯಿಂದ ಫಲಕಗಳು ಹೊರಳಿದರೂ ಅದಕ್ಕೆ ಗೊತ್ತಾಗಲಿಲ್ಲ, ಏಕೆಂದರೆ ಅಪಾಯವನ್ನು ತೀರ್ಮಾನಿಸುವ ತರ್ಕವು ಸೂರ್ಯ ಸಂವೇದಕದ ನೇರ ಅಳತೆಯ ಬದಲು ಅದೇ ತಪ್ಪು ಅಂದಾಜನ್ನು ಅವಲಂಬಿಸಿತ್ತು. ಕೊನೆಗೆ ರಕ್ಷಣೆಗಾಗಿ, ಅನಿಲ ಚಿಮ್ಮಿಸಿ ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್‌ಗಳಾದ ಥ್ರಸ್ಟರ್‌ಗಳನ್ನು ಉರಿಸಿದಾಗ, ಅವುಗಳಿಗೆ ಮೊದಲೇ ಕಳುಹಿಸಿದ್ದ ನಿಯಂತ್ರಣ ಸಂಖ್ಯೆಗಳೂ ತಪ್ಪಾಗಿದ್ದರಿಂದ ತಿರುಗುವಿಕೆ ಇನ್ನಷ್ಟು ಹೆಚ್ಚಿ ಸೌರಫಲಕಗಳು ಕಿತ್ತುಹೋದವು. ಇಲ್ಲಿ ಚಕ್ರಗಳು ಕೆಡಲಿಲ್ಲ, ಥ್ರಸ್ಟರ್‌ಗಳು ಕೆಡಲಿಲ್ಲ. ಅವು ಹೇಳಿದ್ದನ್ನು ಹೇಳಿದಂತೆಯೇ ಮಾಡಿದವು. ಕೆಟ್ಟದ್ದು ತಿಳಿವಳಿಕೆ. ಜಪಾನಿನ ಬಾಹ್ಯಾಕಾಶ ಸಂಸ್ಥೆ ಈ ಪ್ರಕರಣದ ವರದಿಯನ್ನು ತನ್ನ ತಪ್ಪುಗಳನ್ನು ಮುಚ್ಚಿಡದೆ ಎಲ್ಲರೂ ಓದುವಂತೆ ಪ್ರಕಟಿಸಿತು. ನಮ್ಮಲ್ಲೂ ಪ್ರತಿ ವೈಫಲ್ಯದ ವರದಿ ಅಷ್ಟೇ ವಿವರವಾಗಿ ಹೊರಬರಬೇಕು. ಹೊಸದಾಗಿ ಉಪಗ್ರಹ ಕಟ್ಟಲು ಹೊರಟವರಿಗೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಸಿಗದು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ನಮ್ಮ ಚಂದ್ರಯಾನ-1ರದು. 2008ರ ಅಕ್ಟೋಬರ್ 22ರಂದು ಹೊರಟ ಆ ನೌಕೆ ಚಂದ್ರನ ಸುತ್ತ 100 ಕಿಲೋಮೀಟರ್ ಎತ್ತರದಲ್ಲಿ ಕೆಲಸ ಮಾಡುತ್ತಿದ್ದಾಗ ಅದರ ನಕ್ಷತ್ರ ಸಂವೇದಕಗಳು ಕೈಕೊಟ್ಟವು. ಉಳಿದದ್ದು ಗೈರೋಗಳು, ಮತ್ತು ಅವುಗಳ ತಪ್ಪನ್ನು ತಿದ್ದಲು ಬೇಕಾದ ಹೊರಗಿನ ಗುರುತು ಈಗ ಇಲ್ಲ. ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದ ನೌಕೆಯನ್ನು ನಡೆಸುತ್ತಿದ್ದ ತಂಡ ಬೇರೆ ಗುರುತುಗಳನ್ನು ಹುಡುಕಿಕೊಂಡಿತು. ನೌಕೆಯ ಆಂಟೆನಾ ಭೂಮಿಯ ಕಡೆಗೆ ಎಷ್ಟು ಸರಿಯಾಗಿ ಮುಖ ಮಾಡಿದೆ ಎಂಬ ಮಾಹಿತಿ ಒಂದು ಗುರುತಾಯಿತು. ಚಂದ್ರನ ಮೇಲಿನ ನಿರ್ದಿಷ್ಟ ಜಾಗಗಳ ಚಿತ್ರಗಳು ಇನ್ನೊಂದು ಗುರುತಾದವು. 2009ರ ಮೇ 19ರಂದು ಕಕ್ಷೆಯನ್ನು 200 ಕಿಲೋಮೀಟರಿಗೆ ಏರಿಸಲಾಯಿತು. ಆಗಸ್ಟ್ 29ರಂದು ಸಂಪರ್ಕ ಕಡಿಯುವವರೆಗೂ ನೌಕೆ ವಿಜ್ಞಾನದ ಕೆಲಸ ಮುಂದುವರಿಸಿತು. ಎರಡು ವರ್ಷ ನಡೆಯಬೇಕಿದ್ದ ಯೋಜನೆ ಒಂದು ವರ್ಷವೂ ತುಂಬದೆ ಮುಗಿದದ್ದು ನಿಜ. ಆದರೂ, ಕಣ್ಣು ಹೋದ ನೌಕೆಯನ್ನು ತಿಂಗಳುಗಟ್ಟಲೆ ದಾರಿ ತಪ್ಪದಂತೆ ನಡೆಸಿದ ಆ ಎಂಜಿನಿಯರುಗಳ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನಾನು ಭಾವಿಸುತ್ತೇನೆ.

ಇನ್ನು ತಿರುಗಿಸುವ ಭಾಗಕ್ಕೆ ಬರೋಣ. ಬಾಹ್ಯಾಕಾಶದಲ್ಲಿ ಕಾಲೂರಲು ನೆಲವಿಲ್ಲ. ಹೊರಗಿನಿಂದ ಯಾರೂ ತಿರುಚದಿದ್ದರೆ ಒಂದು ವಸ್ತುವಿನ ಒಟ್ಟು ಕೋನೀಯ ಸಂವೇಗ, ಅಂದರೆ ಅದರಲ್ಲಿರುವ ತಿರುಗುವಿಕೆಯ ಒಟ್ಟು ಮೊತ್ತ, ಬದಲಾಗುವುದಿಲ್ಲ. ಆದರೆ ಅದನ್ನು ಒಳಗೆ ಹಂಚಿಕೊಳ್ಳಬಹುದು: ಉಪಗ್ರಹದೊಳಗೆ ಒಂದು ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಉಪಗ್ರಹದ ಮೈ ಎಡಕ್ಕೆ ತಿರುಗುತ್ತದೆ. ಮೈಯ ಜಡತ್ವ, ಅಂದರೆ ತಿರುಗಿಸಲು ಹೊರಟಾಗ ಅದು ಒಡ್ಡುವ ಪ್ರತಿರೋಧ, ಚಕ್ರದ್ದಕ್ಕಿಂತ ಹತ್ತು ಸಾವಿರ ಪಟ್ಟು ಹೆಚ್ಚಿದ್ದರೆ, ಚಕ್ರ ಹತ್ತು ಸಾವಿರ ಸುತ್ತು ಹೊಡೆದಾಗ ಮೈ ಒಂದು ಸುತ್ತು ಹೊಡೆಯುತ್ತದೆ. ಸಣ್ಣ ಮೋಟಾರಿನಿಂದ ದೊಡ್ಡ ಉಪಗ್ರಹವನ್ನು ನವಿರಾಗಿ ತಿರುಗಿಸಲು ಸಾಧ್ಯವಾಗುವುದು ಈ ಅನುಪಾತದಿಂದಲೇ. ಇವೇ ರಿಯಾಕ್ಷನ್ ವೀಲ್‌ಗಳು. ಮೂರು ಅಕ್ಷಗಳಿಗೆ ಮೂರು ಸಾಕು, ಆದರೆ ಸಾಮಾನ್ಯವಾಗಿ ನಾಲ್ಕನ್ನು ಓರೆಯಾಗಿ ಕೂರಿಸುತ್ತಾರೆ. ಯಾವ ಒಂದು ನಿಂತರೂ ಉಳಿದ ಮೂರು ಎಲ್ಲ ದಿಕ್ಕನ್ನೂ ನಿಭಾಯಿಸುತ್ತವೆ. ಇವಕ್ಕೆ ಇಂಧನ ಬೇಡ, ಸೌರಫಲಕದ ವಿದ್ಯುತ್ ಸಾಕು.

ಇಂಧನ ಬೇಡವೆಂದರೆ ಬೆಲೆಯೇ ತೆರಬೇಕಿಲ್ಲ ಎಂದಲ್ಲ. ಸೂರ್ಯನ ಬೆಳಕಿಗೂ ಒತ್ತಡವಿದೆ. ಭೂಮಿಯ ದೂರದಲ್ಲಿ ಅದು ಒಂದು ಚದರ ಮೀಟರಿಗೆ ಸುಮಾರು 4.5 ಮೈಕ್ರೋನ್ಯೂಟನ್. ಹತ್ತು ಚದರ ಮೀಟರಿನ ಸೌರಫಲಕದ ಮೇಲೆ ಬೀಳುವ ಒಟ್ಟು ಬಲ ನಮ್ಮ ಅಂಗೈಯಲ್ಲಿಟ್ಟ ಎರಡು ರಾಗಿಕಾಳಿನ ತೂಕದಷ್ಟು. ಆ ಫಲಕ ಒಂದೇ ಬದಿಗಿದ್ದು, ಉಪಗ್ರಹದ ದ್ರವ್ಯಕೇಂದ್ರದಿಂದ ಮೂರು ಮೀಟರ್ ದೂರದಲ್ಲಿದ್ದರೆ, ಈ ಪುಟ್ಟ ಬಲ ಹಗಲಿರುಳೂ ಒಂದೇ ದಿಕ್ಕಿಗೆ ತಿರುಚುತ್ತಾ 24 ಗಂಟೆಗಳಲ್ಲಿ ಹನ್ನೆರಡು ನ್ಯೂಟನ್-ಮೀಟರ್-ಸೆಕೆಂಡಿನಷ್ಟು ಕೋನೀಯ ಸಂವೇಗವನ್ನು ಕೂಡಿಹಾಕುತ್ತದೆ. ಹದಿನೈದರಷ್ಟು ಸಾಮರ್ಥ್ಯದ ಚಕ್ರವು ಅದನ್ನೆಲ್ಲ ನುಂಗುತ್ತಾ ಒಂದೂಕಾಲು ದಿನದಲ್ಲಿ ತನ್ನ ಗರಿಷ್ಠ ವೇಗ ಮುಟ್ಟುತ್ತದೆ. ಅಲ್ಲಿಂದ ಮುಂದೆ ಅದು ನಿಷ್ಪ್ರಯೋಜಕ. ಕೂಡಿದ ಸಂವೇಗವನ್ನು ಹೊರಗೆ ಚೆಲ್ಲಲೇಬೇಕು. ಕೆಳಗಿನ ಕಕ್ಷೆಗಳಲ್ಲಿ ಆ ಕೆಲಸಕ್ಕೆ ವಿದ್ಯುತ್ ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ ಹರಿಸಿದಾಗ ಭೂಮಿಯ ಕಾಂತಕ್ಷೇತ್ರ ಉಪಗ್ರಹವನ್ನು ಮೆಲ್ಲಗೆ ತಿರುಚುತ್ತದೆ. ಭೂಸ್ಥಿರ ಕಕ್ಷೆಯ 36,000 ಕಿಲೋಮೀಟರ್ ಎತ್ತರದಲ್ಲಿ ಕಾಂತಕ್ಷೇತ್ರ ತೀರಾ ದುರ್ಬಲವಾದ್ದರಿಂದ ಥ್ರಸ್ಟರ್ ಉರಿಸದೆ ಗತಿಯಿಲ್ಲ. ಥ್ರಸ್ಟರ್‌ಗೆ ಇಂಧನ ಬೇಕು, ಇಂಧನ ಮುಗಿದ ದಿನ ಉಪಗ್ರಹದ ಆಯುಸ್ಸೂ ಮುಗಿಯುತ್ತದೆ.

ಇದನ್ನು ನಮ್ಮ ದೇಶ ಭೂಸ್ಥಿರ ಇನ್ಸ್ಯಾಟ್ ಸರಣಿಯ ಮೊದಲ ಉಪಗ್ರಹದಲ್ಲೇ ಅನುಭವಿಸಿತು. ಇನ್ಸ್ಯಾಟ್ ಸರಣಿಯ ಉಪಗ್ರಹಗಳಲ್ಲಿ ಹವಾಮಾನದ ಚಿತ್ರ ತೆಗೆಯುವ ಉಪಕರಣವಿತ್ತು; ಅದರ ಅವಕೆಂಪು ಪತ್ತೆಕಾರಕವನ್ನು ತಣ್ಣಗಿಡಲು ಉತ್ತರದ ಬದಿ ತೆರೆದ ಆಕಾಶವನ್ನು ನೋಡುತ್ತಿರಬೇಕಿತ್ತು. ಆ ಬದಿಯಲ್ಲಿ ಸೌರಫಲಕ ಇಟ್ಟರೆ ಅದರ ಶಾಖ ತಾಗುತ್ತದೆ. ಆದ್ದರಿಂದ ಫಲಕಗಳನ್ನೆಲ್ಲ ದಕ್ಷಿಣಕ್ಕೆ ಇಟ್ಟು, ಬೆಳಕಿನ ಒತ್ತಡ ಎರಡೂ ಕಡೆ ಸರಿದೂಗುವಂತೆ ಉತ್ತರದಲ್ಲಿ ಉದ್ದನೆಯ ಕೋಲಿನ ತುದಿಗೆ ಸೌರಹಾಯಿಯನ್ನು ಕಟ್ಟಿದ್ದರು. 1982ರ ಏಪ್ರಿಲ್ 10ರಂದು ಹಾರಿದ, ಅಮೆರಿಕದಲ್ಲಿ ತಯಾರಾಗಿದ್ದ ಇನ್ಸ್ಯಾಟ್-1ಎ ಉಪಗ್ರಹದಲ್ಲಿ ಈ ಹಾಯಿ ಬಿಚ್ಚಿಕೊಳ್ಳಲಿಲ್ಲ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಆಗ ತಾನೇ ಕೆಲಸ ಆರಂಭಿಸಿತ್ತು. ದಿಗ್ವಿನ್ಯಾಸ ಕಾಯ್ದುಕೊಳ್ಳಲು ಬೇಕಾದ ಇಂಧನ ಅದೇ ಸೆಪ್ಟೆಂಬರಿನಲ್ಲಿ ಬರಿದಾಗಿ ಉಪಗ್ರಹವನ್ನು ಕೈಬಿಡಬೇಕಾಯಿತು. ಏಳು ವರ್ಷ ಬಾಳಬೇಕಿದ್ದದ್ದು ಐದು ತಿಂಗಳಿಗೆ ಮುಗಿಯಿತು.

ಅದೇ ಬೆಳಕಿನ ಒತ್ತಡವನ್ನು ಊರುಗೋಲಾಗಿ ಮಾಡಿಕೊಂಡ ಉದಾಹರಣೆಯೂ ಇದೆ. ಬೇರೆ ನಕ್ಷತ್ರಗಳ ಗ್ರಹಗಳನ್ನು ಹುಡುಕುತ್ತಿದ್ದ ಕೆಪ್ಲರ್ ದೂರದರ್ಶಕದ ನಾಲ್ಕು ಚಕ್ರಗಳಲ್ಲಿ ಎರಡು 2012 ಮತ್ತು 2013ರಲ್ಲಿ ಕೆಟ್ಟವು. ಎರಡು ಚಕ್ರಗಳಿಂದ ಮೂರು ಅಕ್ಷಗಳನ್ನು ಹಿಡಿಯಲಾಗದು. ಆಗ ಬೆಳಕಿನ ಒತ್ತಡ ಎರಡೂ ಬದಿಗೆ ಸಮನಾಗಿ ಬೀಳುವಂತೆ ನೌಕೆಯನ್ನು ನಿಲ್ಲಿಸಿ, ಹಿಡಿತವಿಲ್ಲದ ಮೂರನೆಯ ಅಕ್ಷವನ್ನು ಆ ಸಮತೋಲದಲ್ಲಿ ಇಟ್ಟುಕೊಂಡು, 2014ರಿಂದ 2018ರವರೆಗೆ ಇನ್ನೊಂದು ಪೂರ್ಣ ಯೋಜನೆಯನ್ನೇ ನಡೆಸಿದರು. ಸ್ನಾಯು ಸೋತಾಗಲೂ ತಿಳಿವಳಿಕೆ ಉಳಿದಿದ್ದರೆ ದಾರಿಯಿದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಯಂತ್ರಣದ ಕೊರತೆಯನ್ನು ತಿಳಿವಳಿಕೆಯಿಂದಲೇ ತುಂಬಿಕೊಳ್ಳಬಹುದು ಎಂದು ತೋರಿಸಿದ್ದು 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್. ಅದರ ಅತಿನೇರಳೆ ದೂರದರ್ಶಕವನ್ನು ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ರೂಪಿಸಲಾಯಿತು. ಅದು ಹಿಡಿಯಬಲ್ಲ ವಿವರ 1.8 ಆರ್ಕ್ ಸೆಕೆಂಡಿಗಿಂತ ಸೂಕ್ಷ್ಮ, ಆದರೆ ದೀರ್ಘ ವೀಕ್ಷಣೆಯ ಉದ್ದಕ್ಕೂ ಉಪಗ್ರಹ ಅಷ್ಟು ಸ್ಥಿರವಾಗಿ ನಿಲ್ಲುವುದಿಲ್ಲ, ಮೆಲ್ಲಗೆ ಓಲಾಡುತ್ತದೆ. ಉಪಗ್ರಹವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವ ಬದಲು, ಒಂದು ದೀರ್ಘ ಚಿತ್ರಕ್ಕೆ ಬದಲಾಗಿ ಸೆಕೆಂಡಿಗೆ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿ ಚಿತ್ರದ ಹೊತ್ತಿನಲ್ಲಿ ಓಲಾಟ ಎಷ್ಟಿತ್ತು ಎಂಬುದನ್ನು ನಕ್ಷತ್ರಗಳ ಸ್ಥಾನದಿಂದಲೇ ಲೆಕ್ಕಹಾಕಿ, ನೆಲದ ಮೇಲಿನ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸರಿಸಿ ಕೂಡಿಸುತ್ತಾರೆ. ಓಲಾಟವನ್ನು ನಿಲ್ಲಿಸಲಿಲ್ಲ; ಅದು ಎಷ್ಟೆಂದು ತಿಳಿದುಕೊಂಡರು, ಅಷ್ಟೇ ಸಾಕಾಯಿತು. ಭಾರತೀಯ ಬಾಹ್ಯಾಕಾಶ ಕಾರ್ಯಕ್ರಮದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಎಂಜಿನಿಯರಿಂಗ್ ನಿರ್ಧಾರಗಳಲ್ಲಿ ಇದೊಂದು.

ಈಗ ಸಣ್ಣ ಉಪಗ್ರಹಗಳ ಕಾಲ. ಪುಟ್ಟ ಚಕ್ರಗಳು, ಅಂಗೈಯಗಲದ ನಕ್ಷತ್ರ ಸಂವೇದಕಗಳು, ಬೆರಳುಗುರಿನಷ್ಟು ಗೈರೋಗಳು ಜಾಗತಿಕ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲೇ ಇವಕ್ಕೆ ಅಗ್ಗದ ದಾರಿ ಹುಡುಕುವ ಪ್ರಯತ್ನಗಳಾಗಿವೆ: ಖಭೌತವಿಜ್ಞಾನ ಸಂಸ್ಥೆಯವರು ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಕಂಪ್ಯೂಟರ್ ಫಲಕವನ್ನು ಬಳಸಿ ಸ್ಟಾರ್‌ಬೆರಿಸೆನ್ಸ್ ಎಂಬ ನಕ್ಷತ್ರ ಸಂವೇದಕವನ್ನು ಮಾಡಿದರು, ಅದು 2023ರ ಏಪ್ರಿಲ್ 22ರಂದು ಪಿಎಸ್‌ಎಲ್‌ವಿ-ಸಿ55ರ ಕೊನೆಯ ಹಂತದ ಮೇಲೆ ಕುಳಿತು ಕಕ್ಷೆಗೆ ಹೋಯಿತು. ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಹಾರಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಬಿಡಿಭಾಗಗಳು ಕೊಳ್ಳಲು ಸಿಗುವುದರಿಂದಲೇ ಒಂದು ತಪ್ಪು ಕಲ್ಪನೆ ಬೆಳೆಯುವ ಅಪಾಯವಿದೆ. ಒಳ್ಳೆಯ ಸಂವೇದಕವನ್ನೂ ಒಳ್ಳೆಯ ಚಕ್ರವನ್ನೂ ತಂದು ಜೋಡಿಸಿದರೆ ಒಳ್ಳೆಯ ದಿಗ್ವಿನ್ಯಾಸ ವ್ಯವಸ್ಥೆ ತಾನಾಗಿ ಆಗುವುದಿಲ್ಲ. ಸಂವೇದಕಕ್ಕೂ ಕ್ಯಾಮೆರಾಕ್ಕೂ ನಡುವಿನ ಕೋನ ಕಾರ್ಖಾನೆಯಲ್ಲಿ ಅಳೆದಂತೆಯೇ ಕಕ್ಷೆಯಲ್ಲಿ ಉಳಿಯುವುದಿಲ್ಲ. ಉಡಾವಣೆಯ ಕಂಪನ, ಬಿಸಿಲು-ನೆರಳಿನ ಏರಿಳಿತ ಅದನ್ನು ಬದಲಿಸುತ್ತವೆ. ಯಾವ ಸಂವೇದಕವನ್ನು ಯಾವಾಗ ನಂಬಬೇಕು, ಎರಡು ಸಂವೇದಕಗಳು ಬೇರೆ ಬೇರೆ ಮಾತು ಹೇಳಿದಾಗ ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನಗಳು ಸಾಫ್ಟ್‌ವೇರಿನಲ್ಲಿವೆ, ಅವು ಅಂಗಡಿಯಲ್ಲಿ ಸಿಗುವುದಿಲ್ಲ.

ಅತ್ಯಂತ ಸರಳವಾದ ತಪ್ಪೇ ಅತ್ಯಂತ ಮಾರಕವಾಗಬಹುದು. ಬಾಸ್ಟನ್ ವಿಶ್ವವಿದ್ಯಾಲಯದ ಟೆರಿಯರ್ಸ್ ಎಂಬ ಉಪಗ್ರಹ 1999ರ ಮೇ ತಿಂಗಳಲ್ಲಿ ಕಕ್ಷೆ ಸೇರಿತು. ಅದರ ವಿದ್ಯುತ್ ಸುರುಳಿಗಳ ನಿಯಂತ್ರಣದಲ್ಲಿ ಅಧಿಕ-ಋಣ ಚಿಹ್ನೆ ಅದಲುಬದಲಾಗಿತ್ತು. ಸೂರ್ಯನ ಕಡೆಗೆ ತಿರುಗಲಾಗದೆ, ಬ್ಯಾಟರಿ ಬರಿದಾಗಿ, ಉಪಗ್ರಹ ಕೆಲಸಕ್ಕೇ ಬಾರದಾಯಿತು. ಇಂತಹ ತಪ್ಪು ಕಾಗದದ ಮೇಲೆ ಕಾಣುವುದಿಲ್ಲ, ಏಕೆಂದರೆ ಯಾವ ಅಕ್ಷಕ್ಕೆ ಯಾವ ದಿಕ್ಕು ಧನ ಎಂದು ಚಕ್ರ ಮಾಡಿದವರು ಒಂದು ಬಗೆಯಲ್ಲಿ, ಸಂವೇದಕ ಮಾಡಿದವರು ಇನ್ನೊಂದು ಬಗೆಯಲ್ಲಿ ಎಣಿಸಿರುತ್ತಾರೆ. ಪೂರ್ತಿ ಜೋಡಿಸಿದ ಉಪಗ್ರಹದ ಸಂವೇದಕಕ್ಕೆ ನಿಜವಾದ ಬೆಳಕು ತೋರಿಸಿ, ಚಕ್ರ ಯಾವ ಕಡೆಗೆ ತಿರುಗುತ್ತದೆ ಎಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವ ಪರೀಕ್ಷೆಗೆ ಹಣವೂ ಹೆಚ್ಚು ಬೇಡ, ಆದರೆ ಸಮಯ ಬೇಕು. ಉಡಾವಣೆಯ ದಿನ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಸಮಯಕ್ಕೆ. ಗಾಳಿಯ ಪದರದ ಮೇಲೆ ಘರ್ಷಣೆಯಿಲ್ಲದೆ ತೇಲುವ ಮೇಜಿನ ಮೇಲೆ ಉಪಗ್ರಹದ ಮಾದರಿಯನ್ನಿಟ್ಟು ಇಡೀ ವ್ಯವಸ್ಥೆಯನ್ನು ಪರೀಕ್ಷಿಸುವ ಸೌಲಭ್ಯಗಳು ಕಾಲೇಜುಗಳಿಗೂ ಸಣ್ಣ ಕಂಪನಿಗಳಿಗೂ ಕೈಗೆಟಕುವ ದರದಲ್ಲಿ ಈ ನಗರದಲ್ಲಿ ದೊರೆಯಬೇಕು. ಹೊಸ ರಾಕೆಟ್‌ಗಳಿಗೆ ನಾವು ಕೊಡುವ ಗಮನದ ಒಂದು ಪಾಲು ಇಂತಹ ಸೌಲಭ್ಯಗಳಿಗೂ ಸಲ್ಲಬೇಕೆಂಬುದು ನನ್ನ ಆಗ್ರಹ.

ದೊಡ್ಡ ಉಪಗ್ರಹಗಳ ಕಡೆಯಲ್ಲಿ ಸವಾಲು ಬೇರೆಯದು. 2025ರ ಜುಲೈ 30ರಂದು ಹಾರಿದ, ನಾಸಾ ಮತ್ತು ಇಸ್ರೋ ಜಂಟಿಯಾಗಿ ಕಟ್ಟಿದ ನಿಸಾರ್ ಉಪಗ್ರಹಕ್ಕೆ ಒಂಬತ್ತು ಮೀಟರಿನ ತೋಳಿದೆ, ಅದರ ತುದಿಯಲ್ಲಿ ಹನ್ನೆರಡು ಮೀಟರ್ ಅಗಲದ ಜಾಲರಿ ಆಂಟೆನಾ ಇದೆ. ಚಕ್ರಗಳು ಮೈಯನ್ನು ತಿರುಗಿಸಿದಾಗ ಇಷ್ಟು ದೊಡ್ಡ, ಹಗುರವಾದ ಅಂಗ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ, ನಂತರ ತೂಗಾಡುತ್ತದೆ. ನಿಯಂತ್ರಕ ಆ ತೂಗಾಟದ ಲಯಕ್ಕೆ ಸಮೀಪದ ಲಯದಲ್ಲಿ ತಿದ್ದಲು ಹೊರಟರೆ ತೂಗಾಟ ಇಳಿಯುವ ಬದಲು ಏರುತ್ತದೆ. ಆದ್ದರಿಂದ ಇಂತಹ ಉಪಗ್ರಹದ ನಿಯಂತ್ರಕ ಬೇಕೆಂದೇ ನಿಧಾನವಾಗಿರಬೇಕಾಗುತ್ತದೆ.

ಎರಡು ನೌಕೆಗಳು ಕೂಡಿಕೊಂಡಾಗಲಂತೂ ನಿಯಂತ್ರಿಸಬೇಕಾದ ವಸ್ತುವೇ ಬದಲಾಗಿಬಿಡುತ್ತದೆ. 2024ರ ಡಿಸೆಂಬರ್ 30ರಂದು ಹಾರಿದ ಸ್ಪೇಡೆಕ್ಸ್ ಯೋಜನೆಯ ಎರಡು ಉಪಗ್ರಹಗಳು, ತಲಾ ಸುಮಾರು 220 ಕಿಲೋಗ್ರಾಂ ತೂಕದವು, 2025ರ ಜನವರಿ 16ರಂದು ಪರಸ್ಪರ ಜೋಡಿಸಿಕೊಂಡವು. ಜೋಡಣೆಯ ನಂತರ ಎರಡನ್ನೂ ಒಂದೇ ವಸ್ತುವಾಗಿ ನಿಯಂತ್ರಿಸಲಾಯಿತು ಎಂದು ಇಸ್ರೋ ಪ್ರಕಟಿಸಿತು. ಸುದ್ದಿಯಲ್ಲಿ ಅದು ಒಂದು ಸಾಲು ಮಾತ್ರ, ಆದರೆ ಅದರ ಹಿಂದಿನ ಲೆಕ್ಕ ದೊಡ್ಡದು. ತೂಕ ಎರಡು ಪಟ್ಟಾದರೂ ಜೋಡಣೆಯ ಗೆರೆಗೆ ಅಡ್ಡವಾದ ಅಕ್ಷಗಳ ಸುತ್ತಲಿನ ಜಡತ್ವ ಎರಡು ಪಟ್ಟಿಗೆ ನಿಲ್ಲುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ದ್ರವ್ಯಕೇಂದ್ರ ಎರಡರ ನಡುವಿಗೆ ಸರಿಯುತ್ತದೆ, ಆದ್ದರಿಂದ ಒಂದೊಂದು ಥ್ರಸ್ಟರ್ ಉರಿದಾಗಲೂ ಆಗುವ ಪರಿಣಾಮ ಮೊದಲಿನಂತಿರುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನು 2028ರ ವೇಳೆಗೆ ಕಕ್ಷೆಗೆ ಸೇರಿಸುವ ಗುರಿಯಿದೆ. ಅಲ್ಲಿ ಕೂಡಿಕೊಳ್ಳುವ ಭಾಗಗಳು ಟನ್‌ಗಳಲ್ಲಿ ತೂಗುತ್ತವೆ. ಈಗಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೊಸ ನೌಕೆ ಬಂದು ತಾಗುವ ಕ್ಷಣಕ್ಕೆ ನಿಲ್ದಾಣವು ತನ್ನ ದಿಗ್ವಿನ್ಯಾಸದ ನಿಯಂತ್ರಣವನ್ನು ಬೇಕೆಂದೇ ಬಿಟ್ಟುಕೊಟ್ಟು ಸ್ವಲ್ಪ ಹೊತ್ತು ತೇಲುತ್ತದೆ. ಹಾಗೆ ಮಾಡದಿದ್ದರೆ ಎರಡು ನಿಯಂತ್ರಕಗಳು, ತಲಾ ತನ್ನದೇ ಸಂವೇದಕಗಳನ್ನು ನಂಬಿಕೊಂಡು, ಒಂದೇ ದೇಹವನ್ನು ಎರಡು ಕಡೆಗೆ ಎಳೆಯುತ್ತವೆ. ಬೀಗ ಗಟ್ಟಿಯಾಗಿ ಕೂತಿದೆ ಎಂದು ಖಚಿತವಾದ ಮೇಲೆ ಒಂದು ನಿಯಂತ್ರಕ ಮಾತ್ರ, ಕೂಡಿದ ದೇಹದ ಹೊಸ ಜಡತ್ವ ಮತ್ತು ಹೊಸ ದ್ರವ್ಯಕೇಂದ್ರದ ಸಂಖ್ಯೆಗಳನ್ನು ತೆಗೆದುಕೊಂಡು, ಮತ್ತೆ ಅಧಿಕಾರ ವಹಿಸಿಕೊಳ್ಳುತ್ತದೆ.